ನೇರಳೆ ಬಣ್ಣ ತಿಳಿಯಾದ ಮೇಲೆ

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಬ್ಯಾಕ್ಟೀರಿಯಾಗಳು ಬಯೋಫಿಲ್ಮ್ (ಒಟ್ಟಾಗಿ ಅಂಟಿಕೊಂಡು ಬೆಳೆಯುವ ಲೋಳೆಯ ಪದರ) ಕಟ್ಟುವುದನ್ನು ಸತುವಿನ ಆಕ್ಸೈಡ್‌ನ ನ್ಯಾನೊ ಕಣಗಳು ಎಷ್ಟರಮಟ್ಟಿಗೆ ತಡೆಯಬಲ್ಲವು ಎಂಬುದು ನನ್ನ ವಿಷಯವಾಗಿತ್ತು. ಆರು ವರ್ಷ ತುಮಕೂರಿನ ಪ್ರಯೋಗಾಲಯದಲ್ಲಿ ನನ್ನನ್ನು ತಿದ್ದಿ ನಡೆಸಿದವರಿಗೆ ಈ ಬರಹ.

ಕೆರೆಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಲೋಳೆಯೂ ಬಯೋಫಿಲ್ಮೇ, ಬೆಳಗ್ಗೆ ಹಲ್ಲಿನ ಮೇಲೆ ನಾಲಗೆಗೆ ತಾಕುವ ಜಿಗುಟೂ ಬಯೋಫಿಲ್ಮೇ. ಅದೇ ಲೋಳೆ ರೋಗಿಯ ದೇಹಕ್ಕೆ ಹಾಕುವ ಕ್ಯಾಥೆಟರ್ ಎಂಬ ಕೊಳವೆಯ ಒಳಗೋ ಸಕ್ಕರೆ ಕಾಯಿಲೆಯವರ ಮಾಯದ ಹುಣ್ಣಿನಲ್ಲೋ ಕಟ್ಟಿಕೊಂಡರೆ, ಅದರ ಮರೆಯಲ್ಲಿರುವ ಬ್ಯಾಕ್ಟೀರಿಯಾಗಳು ಬಿಡಿಯಾಗಿ ತೇಲುವವುಗಳಿಗಿಂತ ಕೆಲವೊಮ್ಮೆ 1000 ಪಟ್ಟಿನವರೆಗೂ ಹೆಚ್ಚು ಆಂಟಿಬಯೋಟಿಕ್ ತಾಳಿಕೊಳ್ಳುತ್ತವೆ. ಸತುವಿನ ಆಕ್ಸೈಡ್ ಕಣಗಳು ಸತುವಿನ ಅಯಾನುಗಳನ್ನು ಬಿಡುತ್ತ, ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸುತ್ತ, ಜೀವಕೋಶದ ಪೊರೆಯನ್ನೂ ಕೆಡಿಸುತ್ತ ಏಕಕಾಲಕ್ಕೆ ಹಲವು ಕಡೆಯಿಂದ ಹೊಡೆಯುತ್ತವೆ ಎಂಬುದೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು.

ಕಣಗಳನ್ನು ಮಾಡಿದ್ದು ದಹನ ವಿಧಾನದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಸಿ. ಪಾಟೀಲರು 1980ರ ದಶಕದಲ್ಲಿ ಬೆಳೆಸಿದ ಆ ವಿಧಾನಕ್ಕೆ ದುಬಾರಿ ಯಂತ್ರ ಬೇಕಿಲ್ಲವಾದ್ದರಿಂದಲೇ ನನ್ನಂಥವರಿಗೂ ದಾರಿಯಾಯಿತು. ಸತುವಿನ ನೈಟ್ರೇಟ್‌ಗೆ ನಾನು ಇಂಧನವಾಗಿ ಬೆರೆಸಿದ್ದು ಹೊಂಗೆ ಎಲೆಯ ಕಷಾಯವನ್ನು. ಆ ಸೊಪ್ಪನ್ನು ಅಮ್ಮ ಗುಬ್ಬಿಯ ಬಸ್ಸಿನಲ್ಲಿ ಚೀಲ ಕಟ್ಟಿ ಕಳಿಸುತ್ತಿದ್ದರು. ಕುಲುಮೆಯಲ್ಲಿ ಅದು ನೊರೆಯೆದ್ದು ಉರಿದು, ಕೆಲವೇ ನಿಮಿಷಗಳಲ್ಲಿ ಹಗುರವಾದ ಪುಡಿಯಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು.

ಕಷ್ಟ ಬಂದದ್ದು ಅಳತೆಯಲ್ಲಿ. 96 ಗುಳಿಗಳ ತಟ್ಟೆಯಲ್ಲಿ ಬಯೋಫಿಲ್ಮ್ ಬೆಳೆಸಿ, ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣ ಹಾಕಿ ತೊಳೆದು, ಬಯೋಫಿಲ್ಮ್‌ಗೆ ಅಂಟಿ ಉಳಿದ ಬಣ್ಣವನ್ನು ಎಥನಾಲ್‌ನಲ್ಲಿ ಬಿಡಿಸಿ, ಅದು ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಯಂತ್ರದಲ್ಲಿ ಓದುತ್ತಿದ್ದೆ; ಓದು ಹೆಚ್ಚಿದ್ದರೆ ಬಯೋಫಿಲ್ಮ್ ಹೆಚ್ಚು ಎಂದು ಲೆಕ್ಕ. ಕಣಗಳ ಪ್ರಮಾಣ ಹೆಚ್ಚಿದಂತೆ ಬಯೋಫಿಲ್ಮ್ ಕಡಿಮೆಯಾಗಬೇಕಿತ್ತು, ಆದರೆ ಓದು ಏರುತ್ತಲೇ ಹೋಯಿತು. ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದು, ಕೆಲಸ ಬಿಡುವ ಪತ್ರವನ್ನೂ ಬರೆದಿಟ್ಟಿದ್ದೆ. ಆಗ ಸೂಕ್ಷ್ಮಜೀವಿ ವಿಭಾಗದ ಮೇಡಂ ಒಬ್ಬರು ನನ್ನ ತಟ್ಟೆಯನ್ನು ಬೆಳಕಿಗೆ ಹಿಡಿದು, "ಬ್ಯಾಕ್ಟೀರಿಯಾ ಇಲ್ಲದೆ ಬರೀ ಕಣ ಹಾಕಿದ ಗುಳಿ ಎಲ್ಲಿದೆಯಮ್ಮಾ?" ಎಂದು ಕೇಳಿದರು. ಅಂಥದ್ದೊಂದೂ ಇರಲಿಲ್ಲ. ತಳಕ್ಕೆ ಅಂಟಿದ ಕಣಗಳು ಬೆಳಕನ್ನು ಚದುರಿಸುತ್ತಿದ್ದುದನ್ನೇ ನಾನು ಬಯೋಫಿಲ್ಮ್ ಎಂದು ಎಣಿಸಿದ್ದೆ. ಅವರ ಸಲಹೆಯಂತೆ ಎಥನಾಲ್ ಬದಲು 30% ಅಸಿಟಿಕ್ ಆಮ್ಲ ಬಳಸಿದಾಗ ಸತುವಿನ ಆಕ್ಸೈಡ್ ಕರಗಿ ಮಬ್ಬು ಹರಿಯಿತು; ಬರಿಯ ಕಣಗಳ ಗುಳಿಯ ಓದನ್ನು ಕಳೆದ ಮೇಲೆ ಲೆಕ್ಕವೂ ನೇರವಾಯಿತು. ಮೇಡಂ, ನನ್ನ ಪ್ರಬಂಧ ನಿಂತಿರುವುದೇ ನಿಮ್ಮ ಆ ಒಂದು ಪ್ರಶ್ನೆಯ ಮೇಲೆ.

ಕಟ್ಟುವ ಮೊದಲೇ ತಡೆಯುವುದರಲ್ಲಿ ನನ್ನ ಕಣಗಳು ಗೆದ್ದವು, ಕಟ್ಟಿ ಬಲಿತದ್ದನ್ನು ಒಡೆಯುವುದರಲ್ಲಿ ಅಷ್ಟಾಗಿ ಗೆಲ್ಲಲಿಲ್ಲ. ಇದನ್ನು ಮರೆಮಾಚದೆ ಹಾಗೆಯೇ ಬರೆಯಲು ಬಿಟ್ಟ ಮಾರ್ಗದರ್ಶಕರಿಗೆ ನಾನು ಋಣಿ. ಕರೆಂಟು ಹೋದ ರಾತ್ರಿಗಳಲ್ಲಿ ಇನ್‌ಕ್ಯುಬೇಟರ್ 37 ಡಿಗ್ರಿಯಿಂದ ಇಳಿಯದಂತೆ ಜನರೇಟರ್ ಹಾಕಿ ಕಾದ ಅಟೆಂಡರ್ ಅಣ್ಣನಿಗೂ ಅಷ್ಟೇ ಋಣಿ.

ತಪ್ಪು ಓದುಗಳಿದ್ದ ಹಳೆಯ ನೋಟ್‌ಬುಕ್ಕನ್ನು ಎಸೆದಿಲ್ಲ. ಪ್ರಯೋಗಾಲಯದ ಬೀರುವಿನಲ್ಲಿ ಹೊಸದರ ಪಕ್ಕಕ್ಕೇ ಇಟ್ಟಿದ್ದೇನೆ; ಈ ಕೆಲಸ ಮುಂದುವರಿಸುವ ಹುಡುಗ ಹುಡುಗಿಯರು ದಯವಿಟ್ಟು ಎರಡನ್ನೂ ತೆರೆದು ನೋಡಿ.