ಪಾಲಿಷ್ ಬೇಡ, ಬಕಲ್ ಬಿಗಿ ಮಾಡಿದರೆ ಸಾಕು

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಕುರ್ಚಿಗಳಿಗೆ ಹೊಸ ಜೀವ ಕೊಡುವ ಬಗ್ಗೆ ಬರೆದಿದ್ದೀರಿ. ಮರ ಉಜ್ಜಿಸಿ, ಮೆಲಮೈನ್ ಪಾಲಿಷ್ ಹೊಡೆಸಿ, ಜೋತುಬಿದ್ದ ಚರ್ಮ ತೆಗೆಸಿ ಫೋಮ್ ಹಾಕಿಸಿ ಅಂತ ಸಲಹೆ. ಹಾಗೆ ಮಾಡಲು ಹೋಗಿ ಕೈ ಸುಟ್ಟುಕೊಂಡವಳು ನಾನು. ಅದಕ್ಕೇ ಈ ಪತ್ರ.

ಡೆನ್ಮಾರ್ಕಿನ ಒಡೆನ್ಸೆಯಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿದ್ದೆ. ಊರಿಗೆ ವಾಪಸು ಬರುವಾಗ ತಂದ ದೊಡ್ಡ ಸಾಮಾನು ಒಂದೇ ಒಂದು ಕುರ್ಚಿ. ಪಕ್ಕದ ಮನೆಯ ಅಜ್ಜಿ ವೃದ್ಧಾಶ್ರಮಕ್ಕೆ ಹೊರಟಾಗ ನನಗೆ ಮಾರಿದ್ದು. ಅದರ ಹೆಸರು ಸ್ಪ್ಯಾನಿಷ್ ಚೇರ್, ಆದರೆ ಹುಟ್ಟಿದ್ದು ಡೆನ್ಮಾರ್ಕಿನಲ್ಲಿ. ಬೋರ್ಗೆ ಮೊಗೆನ್ಸನ್ ಎಂಬ ವಿನ್ಯಾಸಕಾರ ಸ್ಪೇನ್ ಸುತ್ತುವಾಗ ಅಲ್ಲಿನ ಅಗಲ ಕೈಯ ಹಳೇ ಕುರ್ಚಿಗಳನ್ನು ನೋಡಿ, 1958ರಲ್ಲಿ ಇದನ್ನು ರೂಪಿಸಿದರು. ಗಟ್ಟಿ ಓಕ್ ಮರ, ಕುದುರೆ ಜೀನಿಗೆ ಹಾಕುವಂಥ ದಪ್ಪ ತೊಗಲು, ಅಷ್ಟೇ. ಸ್ಪ್ರಿಂಗಿಲ್ಲ, ದಿಂಬಿಲ್ಲ. ಕೂರುವ ಜಾಗ ನೆಲದಿಂದ ಒಂದಡಿಗಿಂತ ಚೂರೇ ಮೇಲೆ. ಮಂಡಿನೋವಿನವರು ಎದ್ದೇಳುವಾಗ ಬೈದುಕೊಳ್ಳುತ್ತಾರೆ, ನಾನೂ ಬೈದಿದ್ದೇನೆ. ಆದರೆ ಆ ಕೈಗಳು ನೋಡಿ, ಕಾಫಿ ಲೋಟ ಇಟ್ಟು ನಿಶ್ಚಿಂತೆಯಾಗಿ ಪೇಪರ್ ಓದಬಹುದು.

ಎರಡು ವರ್ಷದ ಹಿಂದೆ ಕೂರುವ ಚರ್ಮ ತೊಟ್ಟಿಲಿನ ಹಾಗೆ ಇಳಿದಿತ್ತು. ಒಂದು ಅಂಗಡಿಗೆ ಕೊಟ್ಟೆ. ಮಾರನೇ ದಿನ ಸುಮ್ನೆ ನೋಡಿಬರೋಣ ಅಂತ ಹೋದರೆ, ಎಡಗೈ ಉಜ್ಜಿ ಮೆಲಮೈನ್ ಹೊಡೆದಾಗಿತ್ತು. ಅಜ್ಜಿಯ ಕಾಫಿ ಬಟ್ಟಲು ಎಷ್ಟೋ ವರ್ಷ ಕೂತು ಕೂತು ಮೂಡಿಸಿದ್ದ ದುಂಡನೆ ಕಲೆ ಆ ಕೈಮೇಲೇ ಇತ್ತು. ಈಗ ಅಲ್ಲಿ ಹೋಟೆಲ್ ಟೇಬಲಿನ ಮಿಂಚು. ಹುಡುಗನ ಕೈಯಲ್ಲಿ ಚರ್ಮ ಕತ್ತರಿಸುವ ಚಾಕು ಬೇರೆ! ಹಾಗೇ ಆಟೋದಲ್ಲಿ ಹಾಕಿಕೊಂಡು ಬಂದೆ.

ಮನೆಯಲ್ಲಿ ಕುರ್ಚಿಯನ್ನು ಬೋರಲು ಹಾಕಿ ನೋಡಿದೆ. ಸೀಟಿನ ಅಡಿಯಲ್ಲಿ ಚರ್ಮದ ಪಟ್ಟಿಗಳು, ಪಟ್ಟಿಗಳಿಗೆ ಬಕಲ್, ನಮ್ಮ ಸೊಂಟದ ಬೆಲ್ಟಿಗೆ ಇರುತ್ತದಲ್ಲ, ಹಾಗೇ. ಬೆನ್ನ ಹಿಂದೆಯೂ ಇವೆ. ಚರ್ಮ ಹಿಗ್ಗಿ ಜೋತುಬೀಳುತ್ತದೆ ಅಂತ ಮಾಡಿದವರಿಗೆ ಮೊದಲೇ ಗೊತ್ತಿತ್ತು! ಅಳಿಯ ಪಟ್ಟಿ ಜಗ್ಗಿ ಹಿಡಿದ, ನಾನು ಒಂದೊಂದು ತೂತು ಮುಂದಕ್ಕೆ ಸಿಕ್ಕಿಸಿದೆ. ಕಾಲು ಗಂಟೆ ಕೆಲಸ. ಇಷ್ಟು ವರ್ಷ ಅದರ ಮೇಲೆ ಕೂತವಳು ಒಂದು ಸಲವೂ ಬಗ್ಗಿ ನೋಡಿರಲಿಲ್ಲ, ಅದು ನನ್ನದೇ ತಪ್ಪು.

ಇನ್ನೊಂದು ಮಾತು. ಇಂಥ ಕುರ್ಚಿಗಳು ನಮಗೆ ಸಂಬಂಧವಿಲ್ಲದ ಫಾರಿನ್ ಶೋಕಿ ಎಂಬಂತೆ ಬರೆದಿದ್ದೀರಿ. ಮೊಗೆನ್ಸನ್ ಅವರ ಗುರು ಕಾರೆ ಕ್ಲಿಂಟ್ 1933ರಲ್ಲಿ ಸಫಾರಿ ಚೇರ್ ಮಾಡಿದ್ದು ನಮ್ಮ ಉತ್ತರಾಖಂಡದ ರೂರ್ಕಿ ಊರಿನ ಹೆಸರು ಹೊತ್ತ ಕುರ್ಚಿ ನೋಡಿ. ಬ್ರಿಟಿಷ್ ಸೈನ್ಯದ ಅಧಿಕಾರಿಗಳು ಡೇರೆಗೆ ಒಯ್ಯುತ್ತಿದ್ದ, ಬಿಚ್ಚಿ ಕಟ್ಟುವ ಕುರ್ಚಿ ಅದು. ಇನ್ನು ಜೀನಿನ ತೊಗಲನ್ನು ಹದ ಮಾಡುವುದು ಮರದ ತೊಗಟೆಯ ಒಗರಿನಿಂದ. ನಮ್ಮ ಕಡೆ ತಂಗಡಿ ತೊಗಟೆಯಲ್ಲಿ ಹದ ಮಾಡುತ್ತಿದ್ದರಲ್ಲ, ಅದೇ ವಿದ್ಯೆ. ಇಂಥ ಚರ್ಮ ಬಿಸಿಲಿಗೆ, ಕೈ ಬೆವರಿಗೆ ಜೇನು ಬಣ್ಣದಿಂದ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಅದು ಕೊಳೆಯಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುವುದು ನಿಜ. ಒಣಬಟ್ಟೆಯಲ್ಲಿ ಒರೆಸಿ ಗಾಳಿಯಾಡುವ ಕಡೆ ಇಡುತ್ತೇನೆ. ಓಕ್ ಮರಕ್ಕೆ ಡೆನ್ಮಾರ್ಕಿನವರು ಬಿಳಿ ಸೋಪಿನ ಹುಡಿಯನ್ನು ಬಿಸಿನೀರಲ್ಲಿ ಕರಗಿಸಿ, ಬಟ್ಟೆ ಅದ್ದಿ ಹಿಂಡಿ, ಮರದ ಎಳೆಯ ಗುಂಟ ಒರೆಸುತ್ತಾರೆ. ನನ್ನ ಕುರ್ಚಿಯ ಬಲಗೈಗೆ ಈಗಲೂ ಅಷ್ಟೇ ಉಪಚಾರ.

ಎಡಗೈ ಮಾತ್ರ ಮಿಂಚುತ್ತಲೇ ಇದೆ. ಮೆಲಮೈನನ್ನು ಮರಕ್ಕೆ ಪೆಟ್ಟಾಗದ ಹಾಗೆ ತೆಗೆಯಲು ಬಲ್ಲ ಬಡಗಿಗಳು ಶಿವಮೊಗ್ಗದ ಕಡೆ ಯಾರಾದರೂ ಇದ್ದರೆ, ದಯವಿಟ್ಟು ನಿಮ್ಮ ಪುರವಣಿಯಲ್ಲೇ ತಿಳಿಸಿ.

– ನಿವೃತ್ತ ನರ್ಸ್, ತೀರ್ಥಹಳ್ಳಿ