ಬೆಲ್ಟ್ ಇದ್ದರೆ ಸಾಲದು, ಹುಕ್ ಎಲ್ಲಿದೆ?

ಮೇಸ್ತ್ರಿಗಳು, ಸೂಪರ್‌ವೈಸರ್‌ಗಳು ಗಮನಿಸಿ. ಇವತ್ತು ಸಂಜೆ ಎತ್ತರದಲ್ಲಿ ಮೂವರು ಸೇಫ್ಟಿ ಬೆಲ್ಟ್ ಹಾಕಿಕೊಂಡು, ಅದರ ಹಗ್ಗದ ತುದಿಯ ಹುಕ್ಕನ್ನು ಕಾಲ ಬಳಿಯ ಸಾರುವೆ ಪೈಪಿಗೆ ಸಿಕ್ಕಿಸಿದ್ದರು. ಕೇಳಿದರೆ, "ಬೆಲ್ಟ್ ಇದೆಯಲ್ಲ ಸಾರ್!"

ಲೆಕ್ಕ ನೋಡಿ. ಹಗ್ಗ 1.8 ಮೀಟರ್, ಹಗ್ಗ ಕಟ್ಟುವ ಬೆನ್ನಿನ ರಿಂಗ್ ಕಾಲಿನಿಂದ ಸುಮಾರು 1.5 ಮೀಟರ್ ಮೇಲೆ. ಹಗ್ಗ ಬಿಗಿಯಾಗುವಷ್ಟರಲ್ಲಿ ಮನುಷ್ಯ 3.3 ಮೀಟರ್ ಬಿದ್ದಿರುತ್ತಾನೆ, ಅದರ ಮೇಲೆ ಅಬ್ಸಾರ್ಬರ್ (ಹಗ್ಗದಲ್ಲಿರುವ, ಬಿದ್ದ ಏಟು ತಗ್ಗಿಸುವ ಮಡಿಕೆ ಪಟ್ಟಿ) ಬಿಚ್ಚಿಕೊಂಡು ಇನ್ನೊಂದು ಮೀಟರ್. ಮೊದಲನೇ ಮಹಡಿಯಿಂದ ಅಂದರೆ ನೇರ ನೆಲಕ್ಕೇ. ಅದಕ್ಕೇ ಹುಕ್ ಯಾವಾಗಲೂ ತಲೆಗಿಂತ ಮೇಲಿರಲಿ, ನಾವು ಗುರುತು ಹಾಕಿದ ಆಂಕರ್‌ಗೆ (ಹುಕ್ ಸಿಕ್ಕಿಸುವ ಗಟ್ಟಿ ಜಾಗ) ಅಥವಾ ಲೈಫ್‌ಲೈನ್‌ಗೆ (ಹುಕ್ ಸಿಕ್ಕಿಸಲೆಂದೇ ಕಟ್ಟಿದ ಹಗ್ಗ) ಮಾತ್ರ.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮ ಒಬ್ಬನಿಗೆ 5,000 ಪೌಂಡ್, ಅಂದರೆ ಸುಮಾರು 2,270 ಕೆಜಿ ತಡೆಯುವ ಆಂಕರ್ ಕೇಳುತ್ತದೆ. ನೀರಿನ ಪೈಪು, ಕೇಬಲ್ ಟ್ರೇ, ಕಿಟಕಿ ಗ್ರಿಲ್ ಅಷ್ಟನ್ನು ತಡೆದಾವೆ?

ನಾಳೆ ಬೆಳಿಗ್ಗೆ 8ಕ್ಕೆ ಗೇಟ್ ಹತ್ತಿರ ತರಬೇತಿ, ಹಿಂದಿಯಲ್ಲೂ ಹೇಳುತ್ತೇವೆ (ಹೋದ ಸಲ ಬರೀ ಕನ್ನಡದಲ್ಲಿ ಹೇಳಿದ್ದು ನನ್ನದೇ ತಪ್ಪು). ಪ್ರತಿಯೊಬ್ಬರೂ ಕೈಯಾರೆ ಹಾಕಿ ತೋರಿಸಬೇಕು. ಬಿದ್ದು ಬೆಲ್ಟ್‌ನಲ್ಲಿ ನೇತಾಡುತ್ತಿರುವವನನ್ನು ಬೇಗ ಇಳಿಸುವುದನ್ನೂ ಕಲಿಸುತ್ತೇವೆ. ಅಲುಗಾಡದೆ ತೂಗಿದರೆ ರಕ್ತ ಕಾಲಲ್ಲೇ ನಿಂತು ಪ್ರಜ್ಞೆ ತಪ್ಪಬಹುದು.

ಹೊಲಿಗೆ ಬಿಟ್ಟ ಅಥವಾ ಒಮ್ಮೆ ಬಿದ್ದವನನ್ನು ತಡೆದ ಬೆಲ್ಟ್‌ಗಳನ್ನು ಸ್ಟೋರ್‌ಗೆ ಕೊಡಿ. ಹೊಸದು ಬಂದಿದೆ.