ಬೇರೆಯವರ ಮಗ ಬ್ಯಾಟ್ ಎಸೆದಾಗ

ಮತ್ತೆ ಮಕ್ಕಳ ಆಟದ ಕಾಲ ಬಂತು. ಶನಿವಾರ ಬೆಳಿಗ್ಗೆ ಕ್ರಿಕೆಟ್, ಮಧ್ಯಾಹ್ನ ಸಾಕರ್, ಭಾನುವಾರ ಟೆನಿಸ್. ಹೊರದೇಶದಲ್ಲಿರುವ ನಮ್ಮ ಕನ್ನಡ ಕೂಟದ ಎಷ್ಟೋ ಸ್ನೇಹಗಳು ಬೆಳೆದಿರುವುದೇ ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಲ್ಲಿ. ಒಬ್ಬರು ಫ್ಲಾಸ್ಕಿನಲ್ಲಿ ಕಾಫಿ ತರುತ್ತಾರೆ, ಇನ್ನೊಬ್ಬರು ಡಬ್ಬಿ ತುಂಬ ಚಿತ್ರಾನ್ನ ತರುತ್ತಾರೆ. ಒಬ್ಬರ ಮಕ್ಕಳನ್ನು ಇನ್ನೊಬ್ಬರು ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಡುತ್ತಾರೆ. ಇಷ್ಟು ಹತ್ತಿರದವರಾದ ನಾವು ಒಂದು ವಿಷಯವನ್ನು ಮಾತ್ರ ಒಬ್ಬರಿಗೊಬ್ಬರು ಎತ್ತುವುದಿಲ್ಲ.

ಕಂಡಿರುವುದು ಎಲ್ಲರಿಗೂ ಕಂಡಿರುತ್ತದೆ. ಹನ್ನೆರಡು ವರ್ಷದ ಹುಡುಗ ಎಲ್‌ಬಿಡಬ್ಲ್ಯೂ ಆದ. ಅಂಪೈರ್ ಬೆರಳೆತ್ತಿದರೂ ಕ್ರೀಸ್ ಬಿಟ್ಟು ಕದಲಲಿಲ್ಲ. ಕೊನೆಗೆ ಹೊರಟವನು ಬ್ಯಾಟನ್ನು ಬೌಂಡರಿಯಾಚೆ ಎಸೆದ. ಫೀಲ್ಡಿಂಗ್ ಬಂದಾಗ, ಕ್ಯಾಚ್ ಬಿಟ್ಟ ಚಿಕ್ಕ ಹುಡುಗನಿಗೆ ಎಲ್ಲರೆದುರು "ನಿನ್ನನ್ನ ಯಾಕೆ ಟೀಮಿಗೆ ಹಾಕ್ಕೊಂಡ್ರೋ" ಎಂದು ಕಿರುಚಿದ. ಪಂದ್ಯ ಮುಗಿದ ಮೇಲೆ ಎದುರು ತಂಡದವರ ಕೈ ಕುಲುಕದೆ ಕಾರಿನಲ್ಲಿ ಹೋಗಿ ಕೂತ. "ಅವನಿಗೆ ಗೆಲ್ಲಬೇಕು ಅನ್ನೋ ಛಲ ಜಾಸ್ತಿ" ಎಂದರು ಅವನ ಅಪ್ಪ. ನಾವೆಲ್ಲ ನಕ್ಕು ಫೋನು ನೋಡಿಕೊಂಡೆವು. ಮನೆಗೆ ಹೋಗುವ ದಾರಿಯಲ್ಲಿ ಪ್ರತಿ ಕಾರಿನಲ್ಲೂ ಅದೇ ಮಾತು. ಆ ಮಾತು ಕಿವಿಗೆ ಬೀಳದವರು ಇಬ್ಬರೇ, ಅವನ ಅಪ್ಪ ಮತ್ತು ಅಮ್ಮ.

ಇದನ್ನು ನಾನು ಸೌಜನ್ಯ ಎಂದು ಕರೆಯಲಾರೆ. ಬೆನ್ನ ಹಿಂದೆ ಹತ್ತು ಮನೆಗಳಲ್ಲಿ ಆಡಿಕೊಳ್ಳುವುದನ್ನು ಎದುರಿಗೆ ಒಬ್ಬರೂ ಹೇಳದಿದ್ದರೆ ನಾವು ಆ ದಂಪತಿಗಳಿಗೆ ಅನ್ಯಾಯ ಮಾಡುತ್ತಿದ್ದೇವೆ. ಆ ಹುಡುಗನಿಗೆ ಅದಕ್ಕಿಂತ ಹೆಚ್ಚು.

ಯಾಕೆ ಸುಮ್ಮನಿರುತ್ತೇವೆ ಎಂಬುದೂ ನನಗೆ ಅರ್ಥವಾಗುತ್ತದೆ. ಊರಿನಲ್ಲಿದ್ದರೆ ಒಬ್ಬ ಸ್ನೇಹಿತ ಮುನಿಸಿಕೊಂಡರೂ ಅಣ್ಣ ತಮ್ಮಂದಿರು, ಅತ್ತೆ ಮಾವ, ಪಕ್ಕದ ಮನೆಯವರು ಇರುತ್ತಾರೆ. ಇಲ್ಲಿ ಸ್ನೇಹಿತರೇ ನೆಂಟರು. ಬಾಣಂತಿಗೆ ಸಾರು ಮಾಡಿ ತಂದುಕೊಟ್ಟವರು, ಅಪ್ಪ ತೀರಿಕೊಂಡ ರಾತ್ರಿ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದವರು, ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಕಾದಿರುವವರು. ಅಂಥ ಮನೆಯೊಂದನ್ನು ಒಂದು ಮಾತಿಗಾಗಿ ಯಾರು ಕಳೆದುಕೊಳ್ಳುತ್ತಾರೆ? ಇನ್ನೊಂದು ಭಯವೂ ಇದೆ. ನಮ್ಮ ಮಗುವೂ ಅದೇ ತಂಡದಲ್ಲಿ, ಅದೇ ಜಾಗಕ್ಕೆ ಪೈಪೋಟಿ ಮಾಡುತ್ತಿದ್ದರೆ ನಾವು ಆಡುವ ಮಾತು ಹೊಟ್ಟೆಕಿಚ್ಚಿನ ಹಾಗೆ ಕೇಳಿಸುತ್ತದೆ. ಬೇರೆ ಊರುಗಳಿಗೆ ಹೋಗಿ ಆಡುವ ಟ್ರಾವೆಲ್ ಟೀಮಿನ ಶುಲ್ಕ, ಹೋಟೆಲು, ಖಾಸಗಿ ಕೋಚಿಂಗ್ ಎಂದು ಸುರಿದ ಹಣ, ಕಾಲೇಜು ಅರ್ಜಿಯಲ್ಲಿ ಇದು ನೆರವಿಗೆ ಬಂದೀತು ಎಂಬ ಆಸೆ, ಎಲ್ಲವೂ ಆ ಆಟದ ಮೇಲಿರುವಾಗ ಟೀಕೆ ಇನ್ನಷ್ಟು ಚುಚ್ಚುತ್ತದೆ. ಊರ ಉಸಾಬರಿ ನಮಗ್ಯಾಕೆ ಎಂದು ಸುಮ್ಮನಾಗುವುದು ಸುಲಭ.

ಆದರೆ ನಾವು ಹೇಳದಿದ್ದರೆ ಹೇಳುವವರು ಬೇರೆಯವರು. ಅವರು ಇಷ್ಟು ಮೃದುವಾಗಿ ಹೇಳುವುದಿಲ್ಲ, ಕೆಲವೊಮ್ಮೆ ಹೇಳುವುದೇ ಇಲ್ಲ. ಟ್ರೈಔಟ್, ಅಂದರೆ ತಂಡದ ಆಯ್ಕೆ ಮುಗಿದ ಮೇಲೆ ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಕಾರಣ ಕೇಳಿದರೆ ಉತ್ತರ ಬರುವುದಿಲ್ಲ. ಮಕ್ಕಳು ಹುಟ್ಟುಹಬ್ಬಕ್ಕೆ ಕರೆಯುವುದನ್ನು ನಿಲ್ಲಿಸುತ್ತಾರೆ. ಹುಡುಗ ದೊಡ್ಡವನಾದ ಮೇಲೆ ಆಟದ ನಿಯಮವೇ ಅವನನ್ನು ಹಿಡಿಯುತ್ತದೆ. 2017ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಕ್ರಿಕೆಟ್ ನಿಯಮಾವಳಿಯಲ್ಲಿ ಆಟಗಾರರ ನಡತೆಗೆಂದೇ 42ನೇ ನಿಯಮ ಇದೆ. ಅಂಪೈರ್ ತೀರ್ಪಿಗೆ ಅಸಮಾಧಾನ ತೋರಿದರೆ ಮೊದಲು ಎಚ್ಚರಿಕೆ, ಮತ್ತೆ ತಪ್ಪು ನಡೆದರೆ ಎದುರಾಳಿಗೆ 5 ರನ್. ತೀರಾ ಮಿತಿಮೀರಿದರೆ ಆಟಗಾರನನ್ನು ಮೈದಾನದಿಂದಲೇ ಹೊರಗೆ ಕಳಿಸುವ ಅಧಿಕಾರವೂ ಅಂಪೈರ್‌ಗಿದೆ.

"ಸಿಟ್ಟಿದ್ದರೇ ಆಟಗಾರ" ಎನ್ನುವ ವಾದವನ್ನು ಮೈದಾನದಲ್ಲಿ ಮತ್ತೆ ಮತ್ತೆ ಕೇಳುತ್ತೇನೆ. ಸ್ವೀಡನ್ನಿನ ಟೆನಿಸ್ ಆಟಗಾರ ಬ್ಯೋನ್ ಬೋರ್ಗ್ ಹುಡುಗನಾಗಿದ್ದಾಗ ರ‍್ಯಾಕೆಟ್ ಎಸೆಯುತ್ತಿದ್ದ, ಬೈಯುತ್ತಿದ್ದ. ಅದಕ್ಕಾಗಿ ಅವನನ್ನು ಕೆಲವು ತಿಂಗಳು ಆಟದಿಂದ ಹೊರಗಿಟ್ಟಿದ್ದರು. ಮುಂದೆ 1976ರಿಂದ 1980ರವರೆಗೆ ಸತತ 5 ಬಾರಿ ವಿಂಬಲ್ಡನ್ ಗೆದ್ದಾಗ ಜಗತ್ತು ಅವನನ್ನು ಗುರುತಿಸಿದ್ದು ಅಲುಗದ ತಾಳ್ಮೆಗೆ. ಅವನ ಛಲವೇನೂ ಕರಗಿಹೋಗಿರಲಿಲ್ಲ. ಯಾರೋ ಹಿರಿಯರು ಸಕಾಲದಲ್ಲಿ ಇದು ನಡೆಯುವುದಿಲ್ಲ ಎಂದಿದ್ದರು, ಅಷ್ಟೆ. ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರನ್ನೂ ಮಕ್ಕಳಿಗೆ ನೆನಪಿಸಬೇಕು. 1980ರ ಫೆಬ್ರವರಿ, ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವ ಟೆಸ್ಟ್. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ನಿಜಕ್ಕೂ ಔಟಾಗಿಲ್ಲ ಎಂದು ಅವರನ್ನು ನಮ್ಮ ನಾಯಕ ವಿಶ್ವನಾಥ್ ವಾಪಸ್ ಕರೆದರು. ಟೇಲರ್ ಜೊತೆ ಸೇರಿ ಇಯಾನ್ ಬೋಥಮ್ ಆರನೇ ವಿಕೆಟ್‌ಗೆ 171 ರನ್ ಕೂಡಿಸಿದರು, ನಾವು ಸೋತೆವು. ಸೋತ ಆ ಪಂದ್ಯವನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಅದೇ ಹೆಮ್ಮೆಯನ್ನು ನಮ್ಮ ಹದಿಮೂರರ ಹುಡುಗರಿಂದಲೂ ಯಾಕೆ ನಿರೀಕ್ಷಿಸಬಾರದು?

ಹಿಂದೆ ಬೀದಿಯ ಯಾವ ಹಿರಿಯರಾದರೂ ಯಾರ ಮಗುವನ್ನಾದರೂ ಗದರಬಹುದಿತ್ತು. ಆ ಪದ್ಧತಿ ವಾಪಸ್ ಬರಲಿ ಎಂದು ನಾನು ಕೇಳುತ್ತಿಲ್ಲ. ಅದರಲ್ಲಿ ಏಟೂ ಇತ್ತು, ನಾಲ್ಕು ಜನರೆದುರು ಮಾಡುವ ಅವಮಾನವೂ ಇತ್ತು. ಮಗುವಿಗೆ ಹೇಳಬೇಕಾದವರು ಅದರ ತಂದೆ ತಾಯಿ. ತಂದೆ ತಾಯಿಗೆ ಹೇಳಬೇಕಾದವರು ನಾವು.

ಇಲ್ಲಿನ ಎಷ್ಟೋ ಮಕ್ಕಳ ತಂಡಗಳಲ್ಲಿ, ಪಂದ್ಯ ಮುಗಿದು 24 ಗಂಟೆ ಕಳೆಯುವವರೆಗೆ ಪೋಷಕರು ಕೋಚ್ ಬಳಿ ದೂರು ಒಯ್ಯಬಾರದು ಎಂಬ ಕಟ್ಟಳೆ ಇದೆ. ಸ್ನೇಹಿತರ ನಡುವೆಯೂ ಅದನ್ನೇ ಪಾಲಿಸಬಹುದು. ಮೈದಾನದಲ್ಲಿ ಬೇಡ, ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಮರುದಿನ ಸಂಜೆ ಒಬ್ಬರೇ ಫೋನ್ ಮಾಡಿ, ಅಥವಾ ವಾಕಿಂಗ್‌ಗೆ ಕರೆಯಿರಿ. ಕಣ್ಣಾರೆ ನೋಡಿದ್ದನ್ನಷ್ಟೇ ಹೇಳಿ. "ಕ್ಯಾಚ್ ಬಿಟ್ಟ ಹುಡುಗನಿಗೆ ಅವನು ಹೀಗೆ ಅಂದ, ಆ ಹುಡುಗ ಅಳ್ತಾ ಇದ್ದ" ಎಂದರೆ ಸಾಕು. "ನಿಮ್ಮ ಮಗನಿಗೆ ಅಹಂಕಾರ" ಎಂದ ಕೂಡಲೇ ಮಾತು ಮುರಿದುಬೀಳುತ್ತದೆ. ನಿಮ್ಮ ಮಗುವಿನ ಹೋಲಿಕೆಯನ್ನು ಬಾಯಿಗೇ ತರಬೇಡಿ. ಆಟದ ಕೌಶಲದ ಬಗ್ಗೆ ಒಂದು ಮಾತೂ ಬೇಡ, ಅದು ಕೋಚ್ ಕೆಲಸ. ಎಂಟು ವರ್ಷದ ಮಗು ಔಟಾಗಿ ಅತ್ತರೆ ಅದು ವಯಸ್ಸಿನ ಗುಣ, ಅದಕ್ಕೆ ಫೋನ್ ಬೇಕಿಲ್ಲ. ಮತ್ತೆ ಮತ್ತೆ ನಡೆಯುತ್ತಿದ್ದರೆ, ಇನ್ನೊಂದು ಮಗುವಿಗೆ ನೋವಾಗುತ್ತಿದ್ದರೆ ಮಾತ್ರ ಹೇಳಿ. ಹೇಳಿದ ಮೇಲೆ ಕೇಳಿಸಿಕೊಳ್ಳುವುದಕ್ಕೂ ಸಮಯ ಇಟ್ಟುಕೊಳ್ಳಿ. ಹೊಸ ಶಾಲೆಯಲ್ಲಿ ಗೆಳೆಯರಿಲ್ಲದಿರಬಹುದು, ಊರಲ್ಲಿ ಅಜ್ಜ ಹೋಗಿರಬಹುದು, ಮನೆಗೆ ಹೋಗುವ ದಾರಿಯುದ್ದಕ್ಕೂ ಅಪ್ಪ ಅವನ ಪ್ರತಿ ಹೊಡೆತದ ತಪ್ಪು ಎಣಿಸುತ್ತಿರಬಹುದು.

ಹೀಗೆ ಹೇಳಿದ ಅನುಭವ ನನಗಿದೆ. ಗೆಳತಿಯೊಬ್ಬಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೇಲೂ ಹೀಗೇ ಆಡ್ತಾಳೆ ಕಣೆ, ಯಾರ ಹತ್ರ ಹೇಳ್ಕೊಳ್ಳಲಿ ಅಂತ ಗೊತ್ತಾಗ್ತಿರಲಿಲ್ಲ" ಎಂದಳು. ಇನ್ನೊಂದು ಮನೆಯವರು ಅಂದಿನಿಂದ ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಆ ನೋವು ನನಗೆ ಈಗಲೂ ಇದೆ. ಆದರೂ ಹೇಳಿದ್ದು ಸರಿ ಎಂದೇ ನಂಬಿದ್ದೇನೆ, ಯಾಕೆಂದರೆ ಆ ಹುಡುಗನೂ ನನ್ನನ್ನು ಆಂಟಿ ಎಂದು ಕರೆದುಕೊಂಡೇ ಬೆಳೆದವನು.

ನಮ್ಮ ಕೂಟದ ಬೇಸಿಗೆ ಟೂರ್ನಮೆಂಟಿನಲ್ಲಿ ಅಂಪೈರ್ ಆಗುವವರು ನಮ್ಮದೇ ಕಾಲೇಜು ಮಕ್ಕಳು. ಒಂದು ಪೈಸೆ ತೆಗೆದುಕೊಳ್ಳದೆ ದಿನವಿಡೀ ಬಿಸಿಲಲ್ಲಿ ನಿಲ್ಲುತ್ತಾರೆ. ಬೈಗುಳ ಕೇಳಿ ಅವರೂ ದೂರವಾದರೆ ಆಟವೇ ನಿಲ್ಲುತ್ತದೆ. ಆದ್ದರಿಂದ ಈ ಸಲ ಮೊದಲ ಪಂದ್ಯಕ್ಕೆ ಮುಂಚೆ ಪೋಷಕರೆಲ್ಲ ಒಂದು ಸಂಜೆ ಸೇರೋಣ. ಅಲ್ಲಿ ನಾನು ಇಡಲಿರುವ ಸೂಚನೆ ಇಷ್ಟೇ: "ನಮ್ಮ ಮಗು ತಪ್ಪಿ ನಡೆದದ್ದು ಕಂಡರೆ ನಮಗೇ ಹೇಳಿ, ನಾವು ಬೇಸರ ಮಾಡಿಕೊಳ್ಳುವುದಿಲ್ಲ" ಎಂದು ಪ್ರತಿ ಮನೆಯವರೂ ಉಳಿದವರಿಗೆ ಮೊದಲೇ ಅನುಮತಿ ಕೊಡಲಿ. ಒಪ್ಪದವರೂ ಬನ್ನಿ, ವಾದ ಮಾಡೋಣ. ನನ್ನ ಇಬ್ಬರು ಮಕ್ಕಳ ವಿಷಯದಲ್ಲಿ ಆ ಅನುಮತಿಯನ್ನು ಇಲ್ಲೇ ಬರೆದುಕೊಡುತ್ತಿದ್ದೇನೆ. ಹೇಳುವುದಿದ್ದರೆ ಭಾನುವಾರ ಸಂಜೆ ಫೋನ್ ಮಾಡಿ, ಮನೆಯಲ್ಲೇ ಇರುತ್ತೇನೆ.